ಕಾವಿಗೆ ಕುಳಿತ ಕೋಳಿ ಮತ್ತು ಮನೆಯವರ ಆಹಾರ

ಮನುಷ್ಯರಿಗೆ ಔಷಧಿ ಕೊಡುವ ವೈದ್ಯಾಧಿಕಾರಿಗೆ ಕೋಳಿಯ ಕಾವಿನ ಗೊಡವೆ ಏಕೆಂದು ಓದುಗ ದಂಪತಿಗಳಿಗೆ ಅನ್ನಿಸಬಹುದು. ಬಸುರಿ ಹೆಂಗಸರಿಗೂ ಎಳೆಯ ಮಕ್ಕಳಿಗೂ ಅತ್ಯಗತ್ಯವಾದ ಸಸಾರಜನಕವು ಮೊಟ್ಟೆಯಲ್ಲಿ ಉತ್ತಮ ರೂಪದಲ್ಲಿರುತ್ತದೆ. ಆದರೆ ಕೋಳಿ ಸಾಕುವ ಮನೆಗಳಲ್ಲಿಯೇ ಮೊಟ್ಟೆಯು ತಾಯಿ ಮಗುವಿನ ತಟ್ಟೆಗೆ ಬರುವುದು ಅಪರೂಪ. ಕೆಲವು ಸಂತೆಗೆ ಹೋಗುತ್ತವೆ. ಉಳಿದವನ್ನು ಕಾವಿಗೆ ಇಡುತ್ತಾರೆ. ಕಾವಿನಿಂದ ಎದ್ದ ಮರಿಗಳಲ್ಲಿ ಎಷ್ಟೋ ತಿಂಗಳು ತುಂಬುವ ಮೊದಲೇ ಸಾಯುತ್ತವೆ. ಹೀಗೆ ಸತ್ತ ಒಂದೊಂದು ಮರಿಯೂ ಮನೆಯವರು ತಿನ್ನದೆ ಬಿಟ್ಟ ಒಂದೊಂದು ಮೊಟ್ಟೆಯೇ ಆಗಿರುತ್ತದೆ. ಆದುದರಿಂದ ಹೆಚ್ಚು ಮೊಟ್ಟೆ ಇಡುವುದಕ್ಕಿಂತ, ಎದ್ದ ಮರಿಗಳನ್ನು ಉಳಿಸಿಕೊಳ್ಳುವುದರ ಕಡೆಗೆ ಗಮನವೀಯುವುದು ಲಾಭಕರ.

ನಾಟಿ ಹೇಂಟೆಯು ಸಾಮಾನ್ಯವಾಗಿ 12ರಿಂದ 15 ಮೊಟ್ಟೆಗಳನ್ನಿಟ್ಟ ಬಳಿಕ ಕಾವಿಗೆ ಬರುತ್ತದೆ. ಗೂಡು ಬಿಟ್ಟು ಏಳದಿರುವುದು, ಕೈಯೊಡ್ಡಿದರೆ ಗರಿ ಕೆದರಿ ಕುಕ್ಕಲು ಬರುವುದು, ದನಿ ಬದಲಾಗುವುದು ಇದರ ಗುರುತುಗಳು. ಗಿರಿರಾಜದಂತಹ ಸುಧಾರಿತ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಇಲ್ಲವಾಗಿದೆ. ಅವುಗಳ ಮರಿ ಬೇಕಾದವರು ಆ ಮೊಟ್ಟೆಗಳನ್ನು ನಾಟಿ ಹೇಂಟೆಯ ಅಡಿಯಲ್ಲಿ ಇಡಬಹುದು.

ಇಡುವ ಮೊಟ್ಟೆ ಹುಂಜದೊಡನೆ ಇರುವ ಕೋಳಿಯದೇ ಆಗಿರಬೇಕು. ಅಂಗಡಿಯ ಫಾರಂ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಇಟ್ಟು ಒಂದು ವಾರದೊಳಗಿನ, ಬೇಸಿಗೆಯಲ್ಲಾದರೆ ನಾಲ್ಕೈದು ದಿನಗಳೊಳಗಿನ, ಬಿರುಕಿಲ್ಲದ ಮಧ್ಯಮ ಗಾತ್ರದ ಮೊಟ್ಟೆಗಳನ್ನು ಆರಿಸಬೇಕು. ಕೊಳೆಯಾದುದನ್ನು ತೊಳೆದು ಇಡತಕ್ಕದ್ದಲ್ಲ; ತೊಳೆದಾಗ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ರೋಗಾಣುಗಳು ಒಳಸೇರುತ್ತವೆ. ಒಂದು ಹೇಂಟೆಗೆ 10 ಅಥವಾ 12 ಮೊಟ್ಟೆ ಸಾಕು. ಅದಕ್ಕೂ ಹೆಚ್ಚಾದರೆ ಅಂಚಿನವು ಒಂದಾದ ಮೇಲೊಂದು ತಣ್ಣಗಾಗಿ ಎಲ್ಲವೂ ಕೆಡುವ ಸಂಭವವುಂಟು.

ಅಗಲ ಬಾಯಿಯ ಬುಟ್ಟಿಯ ತಳಕ್ಕೆ ಬೂದಿ ಬೆರೆಸಿದ ಮಣ್ಣು ಹರಡಿ, ಮೇಲೆ ಒಣಹುಲ್ಲು ಹಾಸಿ, ಕತ್ತಲಿರುವ ಮೂಲೆಯಲ್ಲಿರಿಸಿ ಸಂಜೆಯ ವೇಳೆಗೆ ಕೋಳಿಯನ್ನು ಕೂರಿಸಬೇಕು. ಹೇನು ಬಿದ್ದ ಕೋಳಿ ಗೂಡಿನಲ್ಲಿ ನಿಲ್ಲದು, ಮೊದಲೇ ನೋಡಿಕೊಳ್ಳಿರಿ. ಆದರೆ ಬೆಳೆಗೆ ಹೊಡೆಯುವ ಕೀಟನಾಶಕವನ್ನು ಎಂದಿಗೂ ಗೂಡಿಗೆ ಹಾಕಬೇಡಿರಿ. ಆ ವಿಷವು ಮೊಟ್ಟೆ ಮುಟ್ಟಿದವರ ಕೈಗೂ, ಅಲ್ಲಿಂದ ಮಗುವಿನ ಬಾಯಿಗೂ ತಲಪುತ್ತದೆ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕೆಲವು ಮನೆಗಳಲ್ಲಿ ಬುಟ್ಟಿಯೊಳಗೆ ಕಬ್ಬಿಣದ ಚೂರು ಇಡುವುದುಂಟು. ಅದರಿಂದ ತೊಂದರೆಯಿಲ್ಲ, ಪ್ರಯೋಜನವೂ ಇಲ್ಲ.

ಕಾವಿನ ಅವಧಿ 21 ದಿನ. ದಿನಕ್ಕೊಮ್ಮೆ ಕೋಳಿ ತಾನಾಗಿ ಎದ್ದು ಕಾಳು ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಿ ಹಿಂದಿರುಗಲು ಅನುಕೂಲವಿರಬೇಕು. ಏಳದಿದ್ದರೆ ಮೆಲ್ಲನೆ ಎತ್ತಿ ಕಾಳಿನ ಬಳಿ ಬಿಡಿರಿ. 7ನೆಯ ರಾತ್ರಿ ಒಂದೊಂದು ಮೊಟ್ಟೆಯನ್ನೂ ಟಾರ್ಚಿನ ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಜೇಡನ ಕಾಲಿನಂತೆ ಹರಡಿದ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ ಎಂದರ್ಥ. ತಿಳಿಯಾಗಿ ಕಂಡವನ್ನು ತೆಗೆದು ಹೂಳಿರಿ. ವಾರವಿಡೀ ಕಾವಿನಲ್ಲಿದ್ದ ಮೊಟ್ಟೆಯನ್ನು ಮಕ್ಕಳಿಗೆ ತಿನ್ನಿಸುವುದು ಬೇಡ. ಕೊನೆಯ ಮೂರು ದಿನ ಗೂಡನ್ನು ಮುಟ್ಟತಕ್ಕದ್ದಲ್ಲ. ಚಿಪ್ಪು ಒಡೆದು ಬರಲು ಮರಿಗೆ ಇಡೀ ಹಗಲು ಹಿಡಿಯಬಹುದು. ಅವಸರದಿಂದ ಬಿಡಿಸಹೋದರೆ ರಕ್ತ ಸೋರಿ ಮರಿ ಸಾಯುತ್ತದೆ.

ನಿಜವಾದ ಕೆಲಸ ಇಲ್ಲಿಂದ ಪ್ರಾರಂಭವಾಗುತ್ತದೆ. ಎದ್ದ ಮರುದಿನವೇ ತಾಯಿಯೊಡನೆ ಮರಿಗಳನ್ನು ಅಂಗಳಕ್ಕೆ ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ. ಹದ್ದು, ಕಾಗೆ, ಬೆಕ್ಕು, ಮುಂಗುಸಿ ಕಾದೇ ಇರುತ್ತವೆ. ಇವುಗಳಿಂದ ತಪ್ಪಿದವು ಮಳೆಯಲ್ಲಿ ನೆನೆದು ಸಾಯುತ್ತವೆ. ಮೊದಲ ಮೂರು ವಾರ ತಾಯಿ ಮರಿಗಳನ್ನು ಬಿದಿರಿನ ದೊಡ್ಡ ಪಂಜರದಡಿ ಇರಿಸಿಕೊಂಡರೆ ಈ ನಷ್ಟ ಬಹಳಷ್ಟು ತಪ್ಪುತ್ತದೆ. ಪಂಜರ ಹೆಣೆಯುವುದು ಒಂದು ದಿನದ ಕೆಲಸ. ಕೋಳಿಯ ಕೆಲಸ ಹೆಂಗಸರದೆಂದು ಸುಮ್ಮನಿರುವ ಗಂಡಂದಿರು ಇದನ್ನಾದರೂ ಮಾಡಿಕೊಡಬೇಕು.

ಮರಿಗಳಿಗೆ ಅಕ್ಕಿನುಚ್ಚು, ರಾಗಿ, ಪುಡಿ ಮಾಡಿದ ಶೇಂಗಾ ಹಿಂಡಿ ಕೊಡಬಹುದು. ಹಳೆಯ ಮಡಕೆಗೆ ಒದ್ದೆ ಸಗಣಿ, ಹುಲ್ಲು ತುಂಬಿ ಹುತ್ತದ ಬಳಿ ಬೋರಲು ಹಾಕಿದರೆ ಬೆಳಗಾಗುವುದರೊಳಗೆ ಗೆದ್ದಲು ಸೇರಿರುತ್ತದೆ. ಮರಿಗೆ ಇದಕ್ಕಿಂತ ಅಗ್ಗದ ಸಸಾರಜನಕವಿಲ್ಲ. ಬೂಸಲು ಹಿಡಿದ ಹಿಂಡಿ, ಕಾಳು ವಿಷಕ್ಕೆ ಸಮಾನ. ನೀರಿನ ತಟ್ಟೆ ಆಳವಿರಬಾರದು. ಮರಿ ಮುಳುಗದಂತೆ ಕೆಲವು ಕಲ್ಲುಹರಳುಗಳನ್ನು ಅದರಲ್ಲಿ ಹಾಕಿಡಿರಿ.

ಇಷ್ಟು ಮಾಡಿಯೂ ರಾಣಿಕೇತ್, ಅಂದರೆ ಕೊಕ್ಕರೆ ರೋಗ, ಬಂದಿತೆಂದರೆ ಊರಿನ ಕೋಳಿಗಳೆಲ್ಲ ಕೆಲವೇ ದಿನಗಳಲ್ಲಿ ಹೋಗಬಹುದು. ಹಸಿರು ಬಿಳಿ ಭೇದಿ, ಬಾಯ್ದೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು ಇದರ ಲಕ್ಷಣಗಳು. ಬಂದ ಮೇಲೆ ಚಿಕಿತ್ಸೆಯಿಲ್ಲ, ಬಾರದಂತೆ ಲಸಿಕೆಯುಂಟು. 5ರಿಂದ 7 ದಿನದ ಮರಿಗೆ ಕಣ್ಣಿನಲ್ಲಿ ಒಂದು ಹನಿ, 8ನೆಯ ವಾರದ ಸುಮಾರಿಗೆ ಒಂದು ಚುಚ್ಚುಮದ್ದು. ಇಲ್ಲಿ ಒಂದು ತೊಡಕಿದೆ. ಒಂದೇ ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಲಸಿಕೆಯಿರುತ್ತದೆ. ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲಿಡಬೇಕು. ಹತ್ತು ಮರಿಗಳ ಒಂದು ಮನೆಗಾಗಿ ಸೀಸೆ ತೆರೆಯುವುದು ಕಷ್ಟ. ಆದುದರಿಂದ ನೆರೆಹೊರೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೋಳಿ ಕೂರಿಸಿ, ಪಶುವೈದ್ಯ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ, ಒಂದೇ ದಿನ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಅವನ್ನು ಕೊಯ್ದು ತಿನ್ನಬೇಡಿರಿ, ಮಾರಬೇಡಿರಿ, ಬರಿಗೈಯಿಂದ ಮುಟ್ಟಬೇಡಿರಿ. ಅದು ಹಕ್ಕಿಜ್ವರವೂ ಆಗಿರಬಹುದು. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ.

ಚಳಿಯೆಂದು ಮರಿಗಳ ಬುಟ್ಟಿಯನ್ನು ಮಗು ಮಲಗುವ ಕೋಣೆಯಲ್ಲಿಯೋ ಒಲೆಯ ಪಕ್ಕದಲ್ಲಿಯೋ ಇಡುವುದನ್ನು ಬಿಡಬೇಕು. ತೆವಳುವ ಮಗು ಕೋಳಿಯ ಹಿಕ್ಕೆ ಮುಟ್ಟಿದ ಕೈಯನ್ನು ನೇರವಾಗಿ ಬಾಯಿಗಿಡುತ್ತದೆ. ವಾಂತಿಭೇದಿಗೆ ಇದೂ ಒಂದು ಕಾರಣ. ಗೂಡು ಮುಟ್ಟಿದವರು ಸೋಪಿನಿಂದ ಕೈ ತೊಳೆಯಬೇಕು.

ಇನ್ನು ಮೊಟ್ಟೆಯ ಹಂಚಿಕೆ. ಬಸುರಿಗೆ ಮೊಟ್ಟೆ ಉಷ್ಣವೆಂಬ ಮಾತಿಗೆ ಆಧಾರವಿಲ್ಲ. ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಆಕೆ ದಿನವೂ ತಿನ್ನಬಹುದು. ಹಾಗೆಂದು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಬಿಡಬಾರದು. ಆರು ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನ ಜೊತೆಗೆ, ಪೂರ್ತಿ ಬೆಂದ ಮೊಟ್ಟೆಯನ್ನು ನುಣ್ಣಗೆ ಕಿವುಚಿ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿರಿ. ಹಸಿ ಮೊಟ್ಟೆ ಯಾರಿಗೂ ಬೇಡ.

ಕಾವಿಗೆ ಕುಳಿತ ಕೋಳಿ 21 ದಿನವೂ, ಮರಿಗಳ ಹಿಂದೆ ತಿರುಗುವ ಎರಡು ಮೂರು ತಿಂಗಳೂ ಮೊಟ್ಟೆಯಿಡದು. ಮೂರು ಹೇಂಟೆಗಳಿರುವ ಮನೆಯಲ್ಲಿ ಮೂರನ್ನೂ ಕೂರಿಸಿದರೆ ಬಸುರಿಯ ಮೊಟ್ಟೆ ಅಷ್ಟು ಕಾಲ ನಿಂತುಹೋಗುತ್ತದೆ. ಎರಡನ್ನು ಒಂದೇ ದಿನ ಕೂರಿಸಿರಿ. ಮೂರನೆಯದರ ಮೊಟ್ಟೆ ಮನೆಗಿರಲಿ. ಮರಿಗಳೆದ್ದ ರಾತ್ರಿಯೇ ಎರಡನೆಯ ಕೋಳಿಯ ಮರಿಗಳನ್ನು ಮೊದಲನೆಯದರ ರೆಕ್ಕೆಯಡಿ ಸೇರಿಸಿದರೆ, ಕತ್ತಲಲ್ಲಿ ಅದು ಭೇದವೆಣಿಸದೆ ಸ್ವೀಕರಿಸುತ್ತದೆ. ಬೆಚ್ಚಗಿನ ಕಾಲದಲ್ಲಿ ಒಂದು ತಾಯಿ 15 ಮರಿಗಳನ್ನು ಸಲೀಸಾಗಿ ಸಾಕಬಲ್ಲದು. ಮರಿಯಿಲ್ಲದಾದ ಎರಡನೆಯ ಹೇಂಟೆಯನ್ನು ಗೂಡಿನಿಂದ ದೂರವಾಗಿ, ಗಾಳಿಯಾಡುವ ತಂಪು ಜಾಗದಲ್ಲಿ ಕೆಲವು ದಿನ ಇರಿಸಿ ಚೆನ್ನಾಗಿ ಕಾಳು ಹಾಕಿದರೆ, ಮರಿ ಸಾಕುವ ಕೋಳಿಗಿಂತ ಎಷ್ಟೋ ಮೊದಲೇ ಮತ್ತೆ ಮೊಟ್ಟೆಗೆ ಬರುತ್ತದೆ.