ಶಿಸ್ತು ಮತ್ತು ಸ್ವಾಭಿಮಾನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಗೆ ಸೇರಿದ ಊರುಗಳು. ಕಲ್ಲುಗುಡ್ಡಗಳ ನಡುವೆ ಹಬ್ಬಿರುವ ಈ ಸೀಮೆ ಒಂದು ಕಾಲಕ್ಕೆ ವೀರರ ಬೀಡಾಗಿತ್ತು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳಲ್ಲಿ ಪಾಳೆಯಗಾರರು ಆಳುತ್ತಿದ್ದರು. ಅವರ ಭಟರು ಶಾಂತಿಯ ದಿನಗಳಲ್ಲಿ ನೇಗಿಲು ಹಿಡಿಯುತ್ತಿದ್ದರು. ಕರೆ ಬಂದಾಗ ಕತ್ತಿ ಹಿಡಿಯುತ್ತಿದ್ದರು. ಊರನ್ನು ಕಾಯುವುದು ಊರಿನವರದೇ ಹೊಣೆ ಎಂಬುದು ಅಂದಿನ ನಂಬಿಕೆಯಾಗಿತ್ತು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ‘ದತ್ತ ಮಂಡಲ’ವೆಂದು ಹೆಸರಾದ ಈ ಪ್ರಾಂತದ ಆಡಳಿತಕ್ಕೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದನು. ಆಗ ಆ ಮಂಡಲದಲ್ಲಿ ಸುಮಾರು 80 ಪಾಳೆಯಗಾರರೂ, ಅವರ ಕೈಕೆಳಗೆ ಸುಮಾರು 30,000 ಶಸ್ತ್ರಧಾರಿ ಭಟರೂ ಇದ್ದರು. ಮನ್ರೋ ಪಾಳೆಯಗಾರರ ಬಲವನ್ನು ಮುರಿದನು. ಕಾವಲು ಜನರ ಕೈಯಿಂದ ಸರ್ಕಾರದ ಕೈಗೆ ಹೋಯಿತು. ಸುಲಿಗೆ ತಗ್ಗಿತೆಂಬುದು ನಿಜ. ಆದರೆ ತನ್ನ ನೆಲವನ್ನು ತಾನೇ ಕಾಯುವ ಅಭ್ಯಾಸವೂ ಜನರಿಂದ ಕ್ರಮೇಣ ದೂರವಾಯಿತು.

1857ರ ಹೋರಾಟದ ಅನಂತರ ಈ ಅಂತರ ಇನ್ನಷ್ಟು ಹೆಚ್ಚಿತು. ಆ ವರ್ಷ ಎರಡು ಕಾನೂನುಗಳು ಹುಟ್ಟಿದವು. ಒಂದು, ಭಾರತೀಯರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು. ಇನ್ನೊಂದು, ಸ್ವಯಂಸೇವಕ ಸೈನ್ಯದಳಗಳನ್ನು ಕಟ್ಟಲು ಅವಕಾಶ ಕೊಡುವ ಕಾನೂನು. ಮೊದಲನೆಯದನ್ನು ಒಪ್ಪದೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಪ್ರಾಣವನ್ನೇ ತೆತ್ತರು. ಎರಡನೆಯದರ ಬಲದಿಂದ ಐರೋಪ್ಯರೂ ಆಂಗ್ಲೋ-ಇಂಡಿಯನ್ನರೂ ಬಂದೂಕು ಹಿಡಿದು ದಳಗಳಲ್ಲಿ ಸೇರಿದರು. ಒಂದೇ ವರ್ಷ, ಒಂದೇ ಸರ್ಕಾರ; ಒಬ್ಬರ ಕೈ ಬರಿದಾಯಿತು, ಇನ್ನೊಬ್ಬರ ಕೈ ತುಂಬಿತು.

ಇಂಥ ದಳಗಳು ಕನ್ನಡ ನಾಡಿನಲ್ಲಿಯೂ ಇದ್ದವು. ‘ಬೆಂಗಳೂರು ರೈಫಲ್ ವಾಲಂಟಿಯರ್ಸ್’ ಎಂಬ ದಳ 1868ರಲ್ಲಿ ಆರಂಭವಾಯಿತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಕೊಟ್ಟೂರಿಗೆ ಹಳಿ ಹಾಸಿದ ಸದರ್ನ್ ಮರಾಠಾ ರೈಲ್ವೆಯಲ್ಲಿಯೂ ಒಂದು ಸ್ವಯಂಸೇವಕ ದಳವಿತ್ತು. ದಂಗೆಯೆದ್ದಾಗ ರೈಲು ಹಾದಿ, ಸೇತುವೆ, ನಿಲ್ದಾಣಗಳನ್ನು ಕಾಯುವುದು ಇಂಥ ದಳದ ಉದ್ದೇಶವಾಗಿತ್ತು.

ಈ ದಳಗಳು ಹೇಗೆ ನಡೆಯುತ್ತಿದ್ದವು? ಸದಸ್ಯರು ಪೂರ್ಣಾವಧಿಯ ಸೈನಿಕರಲ್ಲ. ಅವರು ಗುಮಾಸ್ತರು, ಎಂಜಿನ್ ಚಾಲಕರು, ವ್ಯಾಪಾರಿಗಳು. ಕೆಲಸ ಮುಗಿದ ಮೇಲೆ ಅಥವಾ ಬಿಡುವಿನ ದಿನಗಳಲ್ಲಿ ಕವಾಯತಿಗೆ ಸೇರುತ್ತಿದ್ದರು. ಕಲಿಸುವುದಕ್ಕೆ ಖಾಯಂ ಸೈನ್ಯದಿಂದ ಅಧಿಕಾರಿಯೂ ಸಾರ್ಜೆಂಟನೂ ಬರುತ್ತಿದ್ದರು. ಸಾಲಿನಲ್ಲಿ ನಿಲ್ಲುವುದು, ಹೆಜ್ಜೆ ಕೂಡಿಸುವುದು, ಬಂದೂಕನ್ನು ಶುಚಿಯಾಗಿಡುವುದು, ಗುರಿ ಹೊಡೆಯುವುದು ಇವು ಪಾಠಗಳು. ವರ್ಷದಲ್ಲಿ ಗೊತ್ತುಪಡಿಸಿದಷ್ಟು ಕವಾಯತು ಮಾಡಿ, ಗುರಿಯ ಪರೀಕ್ಷೆಯಲ್ಲಿ ಗೆದ್ದವನನ್ನು ‘ಸಮರ್ಥ’ನೆಂದು ಪಟ್ಟಿಯಲ್ಲಿ ಬರೆಯುತ್ತಿದ್ದರು. ಅಂಥವರ ಸಂಖ್ಯೆಗೆ ತಕ್ಕಂತೆ ಸರ್ಕಾರ ದಳಕ್ಕೆ ಹಣ ಕೊಡುತ್ತಿತ್ತು. ಹಾಜರಿಯ ಪುಸ್ತಕವೇ ದಳದ ಬೆನ್ನೆಲುಬು.

ವ್ಯವಸ್ಥೆ ಅಚ್ಚುಕಟ್ಟಾಗಿತ್ತು, ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕೆಲವು ಅಪವಾದಗಳನ್ನು ಬಿಟ್ಟರೆ ಭಾರತೀಯರಿಗೆ ಅಲ್ಲಿ ಸ್ಥಾನವಿರಲಿಲ್ಲ. 1878ರ ಶಸ್ತ್ರ ಕಾನೂನಿನಂತೆ ಭಾರತೀಯನು ಆಯುಧವಿಡಲು ಪರವಾನಗಿ ಪಡೆಯಬೇಕಾಗಿತ್ತು. ಐರೋಪ್ಯರಿಗೆ ಅದರಿಂದ ವಿನಾಯಿತಿ ಇತ್ತು. ತಮಗೂ ಸ್ವಯಂಸೇವಕರಾಗಲು ಅವಕಾಶ ಬೇಕೆಂದು ವಿದ್ಯಾವಂತ ಭಾರತೀಯರು ಕೇಳಿದರು. 1886ರಲ್ಲಿ ಕಲ್ಕತ್ತೆಯಲ್ಲಿ ಸೇರಿದ ಕಾಂಗ್ರೆಸ್ಸಿನ ಎರಡನೆಯ ಅಧಿವೇಶನವೂ ಇದನ್ನೇ ಬೇಡಿತು. ಸರ್ಕಾರ ಕಿವಿಗೊಡಲಿಲ್ಲ. ಆಯುಧ ದೊರೆಯದಿದ್ದುದಕ್ಕಿಂತ, ‘ನಿಮ್ಮಲ್ಲಿ ನಮಗೆ ನಂಬಿಕೆಯಿಲ್ಲ’ ಎಂಬ ಆ ಮೌನದ ಮಾತೇ ಹೆಚ್ಚು ನೋವಿನದಾಗಿತ್ತು. ಮೊದಲನೆಯ ಮಹಾಯುದ್ಧದ ಒತ್ತಡ ಬಂದ ಮೇಲೆ, 1917ರಲ್ಲಿ, ಬಾಗಿಲು ಸ್ವಲ್ಪ ತೆರೆಯಿತು. ಆದರೆ 1920ರ ಕಾನೂನುಗಳು ಐರೋಪ್ಯರಿಗೂ ಆಂಗ್ಲೋ-ಇಂಡಿಯನ್ನರಿಗೂ ಒಂದು ದಳ, ಭಾರತೀಯರಿಗೆ ಇನ್ನೊಂದು ದಳ ಎಂದು ಮತ್ತೆ ಗೆರೆ ಎಳೆದವು.

ಇದಕ್ಕೆ ತಕ್ಕ ಉತ್ತರ ಕನ್ನಡ ನಾಡಿನಿಂದಲೇ ಬಂದಿತು. ರೈಲ್ವೆ ಕಾರ್ಯಾಗಾರಕ್ಕೆ ಹೆಸರಾದ ಹುಬ್ಬಳ್ಳಿಯಲ್ಲಿ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು ತರುಣರನ್ನು ಒಟ್ಟುಗೂಡಿಸಿದರು. 1889ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವೈದ್ಯರು. ಅಮೆರಿಕದಲ್ಲಿ ಲಾಲಾ ಲಜಪತರಾಯರ ಜೊತೆಗೆ ದುಡಿದವರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋದ ಹುಬ್ಬಳ್ಳಿಯ ಸೇವಾ ಮಂಡಲದವರು ಸೆರೆಮನೆಯ ಕಷ್ಟಗಳಿಗೆ ಅಂಜಿ ಕ್ಷಮೆ ಕೇಳಲಿಲ್ಲ. ಚಳವಳಿಗೆ ಉತ್ಸಾಹವಷ್ಟೇ ಸಾಲದು, ತರಬೇತಿ ಬೇಕು ಎಂಬ ಮಾತು ಇದರಿಂದ ದೃಢಪಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕಾಕಿನಾಡ ಅಧಿವೇಶನದ ಕಾಲಕ್ಕೆ ‘ಹಿಂದೂಸ್ತಾನೀ ಸೇವಾದಳ’ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಉಮಾಬಾಯಿ ಕುಂದಾಪುರ ಅವರು ಮಹಿಳಾ ಶಾಖೆಯನ್ನು ಬೆಳೆಸಿದರು.

ಇಲ್ಲಿಯೂ ಸಮವಸ್ತ್ರವಿತ್ತು, ಕವಾಯತಿತ್ತು, ಹಾಜರಿಯಿತ್ತು. ಬಂದೂಕು ಮಾತ್ರ ಇರಲಿಲ್ಲ. ಕವಾಯತು ಸೈನಿಕರ ಮಾರ್ಗ, ಅದು ಅಹಿಂಸೆಗೆ ಒಗ್ಗುವುದೇ ಎಂದು ಕಾಂಗ್ರೆಸ್ಸಿನಲ್ಲಿಯೇ ಕೆಲವರು ಶಂಕಿಸಿದರು. ಆ ಶಂಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಹೇಳಿದಂತೆ ಹೆಜ್ಜೆಯಿಡಲು ಕಲಿತವನು ತಪ್ಪು ಆಜ್ಞೆಗೂ ಹೆಜ್ಜೆಯಿಟ್ಟಾನು. ಶಿಸ್ತು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದು ಸೇರಿದ ಗುರಿಯಿಂದ ಅದಕ್ಕೆ ಬೆಲೆ ಬರುತ್ತದೆ.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅಲ್ಲಿ ನಿರ್ಮಿಸಿದ ಬಿಡಾರಕ್ಕೆ ‘ವಿಜಯನಗರ’ವೆಂದು ಹೆಸರಿಟ್ಟಿದ್ದರು. ಹಂಪೆಯ ವೈಭವ ಅಲ್ಲಿ ಹೆಸರಾಗಿ ನಿಂತಿತು. ಆದರೆ ಆ ನಗರವನ್ನು ನಡೆಸಿದವರು ಕತ್ತಿ ಹಿಡಿದ ಭಟರಲ್ಲ, ಬರಿಗೈಯ ಸ್ವಯಂಸೇವಕರು. ದೂರದೂರದಿಂದ ಬಂದ ಜನಸಮೂಹಕ್ಕೆ ದಾರಿ ತೋರಿಸುವುದು, ನೀರು ಒದಗಿಸುವುದು, ಬಿಡಾರವನ್ನು ಶುಚಿಯಾಗಿಡುವುದು, ನೂಕುನುಗ್ಗಲನ್ನು ತಡೆಯುವುದು ಇವೇ ಅಂಥ ನಗರದ ರಕ್ಷಣೆಯ ಕೆಲಸಗಳು. ಇಂಥ ದಳಕ್ಕೂ ಸರ್ಕಾರ ಹೆದರಿತು. 1932ರಲ್ಲಿ ಅದನ್ನು ನಿಷೇಧಿಸಿತು. ಬಂದೂಕಿಲ್ಲದ ಸಾಲು ಬಂದೂಕಿನ ಸಾಲಿಗಿಂತ ಅದಕ್ಕೆ ಭಯಂಕರವಾಗಿ ತೋರಿತು.

ಸ್ವಾತಂತ್ರ್ಯ ಬಂದ ಮೇಲೆ ಹಳೆಯ ಗೆರೆ ಅಳಿಸಿಹೋಯಿತು. ಐರೋಪ್ಯರಿಗಾಗಿಯೇ ಇದ್ದ ದಳಗಳು ಮುಗಿದವು. 1948ರಲ್ಲಿ ಪ್ರಾದೇಶಿಕ ಸೇನೆಯ ಕಾನೂನೂ ರಾಷ್ಟ್ರೀಯ ವಿದ್ಯಾರ್ಥಿ ದಳದ ಕಾನೂನೂ ಜಾರಿಗೆ ಬಂದವು. ಎನ್.ಸಿ.ಸಿ. ಎಂದು ನಾವೆಲ್ಲರೂ ಬಲ್ಲ ಆ ವಿದ್ಯಾರ್ಥಿ ದಳದಲ್ಲಿ ಈ ಸೀಮೆಯ ರೈತನ ಮಗನೂ ಕೂಲಿಕಾರನ ಮಗಳೂ ಒಂದೇ ಸಾಲಿನಲ್ಲಿ ನಿಲ್ಲಬಹುದು. ‘ಏಕತೆ ಮತ್ತು ಶಿಸ್ತು’ ಎಂಬುದು ಅದರ ಧ್ಯೇಯವಾಕ್ಯ. ಈ ಎರಡು ಪದಗಳಲ್ಲಿ ಮೊದಲನೆಯದನ್ನು ಹಿಂದಿನ ಸರ್ಕಾರ ಬಯಸಿರಲಿಲ್ಲ. ಅದಕ್ಕೆ ಬೇಕಾಗಿದ್ದುದು ಎರಡನೆಯದು ಮಾತ್ರ.

ಬೆಳಗಿನ ಬಿಸಿಲಿನಲ್ಲಿ ‘ಸಾವಧಾನ್’ ಎಂಬ ಆಜ್ಞೆಗೆ ನೆಟ್ಟಗೆ ನಿಲ್ಲುವ ಬಾಲಕ ಬಾಲಕಿಯರಿಗೆ ಅದು ಕಾಲು ನೋಯಿಸುವ ಅಭ್ಯಾಸವೆಂದು ತೋರಬಹುದು. ಆದರೆ ಆ ಸಾಲಿನಲ್ಲಿ ನಿಲ್ಲುವ ಹಕ್ಕನ್ನು ಬೇಡಿ, ಸಿಗದೆ, ಕೊನೆಗೆ ತಮ್ಮ ಸಾಲನ್ನು ತಾವೇ ಕಟ್ಟಿಕೊಂಡ ಹಿರಿಯರು ಅವರ ಹಿಂದೆ ಇದ್ದಾರೆ. ಯಾರ ಆಜ್ಞೆಗೆ, ಯಾವ ಕಾರ್ಯಕ್ಕೆ ಹೆಜ್ಜೆಯಿಡುತ್ತಿದ್ದೇನೆ ಎಂದು ತಿಳಿದು ನಡೆಯುವವನದೇ ನಿಜವಾದ ಶಿಸ್ತು.