ಚರ್ಮದ ಕಾರ್ಖಾನೆಯ ಕಸ: ತಿಪ್ಪೆಗೆ ಯಾವುದು ಸಲ್ಲುತ್ತದೆ?

ಬ್ಯಾಡರಹಳ್ಳಿ ದಾಟಿ ಮಾಗಡಿ ರಸ್ತೆಯಲ್ಲಿ ಮುಂದೆ ಹೋದರೆ ರಾಗಿ, ತರಕಾರಿಯ ಹೊಲಗಳು ಈಗಲೂ ಕಾಣುತ್ತವೆ. ಕೊಟ್ಟಿಗೆ ಗೊಬ್ಬರ ಸಾಲದೆ ಹೋದಾಗ, ಅಗ್ಗದಲ್ಲಿ ಸಿಗುವ ಚರ್ಮದ ಕಸವನ್ನು ತಿಪ್ಪೆಗೆ ಹಾಕಬಹುದೇ ಎಂಬ ಪ್ರಶ್ನೆ ತಮ್ಮಲ್ಲಿ ಏಳುವುದು ಸಹಜ. ಕೆಲವನ್ನು ಹಾಕಬಹುದು, ಒಂದನ್ನು ಮಾತ್ರ ಎಂದಿಗೂ ಹಾಕಕೂಡದು.

ಉಪ್ಪು ಹಚ್ಚಿದ 1000 ಕಿಲೋ ಹಸಿ ತೊಗಲಿನಿಂದ ಕೊನೆಗೆ ದೊರೆಯುವ ಚರ್ಮ ಸುಮಾರು 200ರಿಂದ 250 ಕಿಲೋ ಮಾತ್ರ. ಉಳಿದುದರಲ್ಲಿ ಒಳಬದಿಯ ಮಾಂಸದ ಪದರದಿಂದ ಅಂಟು, ಜಿಲೆಟಿನ್, ಅನಿಲ ತಯಾರಿಸುತ್ತಾರೆ. ಅದು ಕಾರ್ಖಾನೆಯವರ ಕೆಲಸ. ರೈತನಿಗೆ ಬೇಕಾದದ್ದು ರೋಮ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟಿದ್ದರೆ, ಒಣ ರೋಮದಲ್ಲಿ ಶೇಕಡ 12ರಿಂದ 15ರಷ್ಟಿರುತ್ತದೆ. ಆದರೆ ಅದು ಬೇಗ ಕೊಳೆಯುವುದಿಲ್ಲ. ಸುಣ್ಣ, ಸಲ್ಫೈಡ್ ಹೋಗುವಂತೆ ಕಾರ್ಖಾನೆಯಲ್ಲೇ ಚೆನ್ನಾಗಿ ತೊಳೆದ ರೋಮವನ್ನೇ ಕೇಳಿ ತರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬಿಟ್ಟುಬಿಡಿ. ಸಗಣಿ, ಹಸಿರೆಲೆಗಳೊಡನೆ ತೆಳುವಾಗಿ ಪದರ ಹಾಕಿ, ತೇವ ಆರದಂತೆ ನೋಡಿಕೊಳ್ಳತಕ್ಕದ್ದು. ಹಸಿ ತೊಗಲಿನ ರೋಮದಲ್ಲಿ ನೆರಡಿ ರೋಗದ ಅಣುಜೀವಿ ಇರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು. ಕ್ಷಾರ ಭೂಮಿಯವರಿಗೆ ಈ ಗೊಬ್ಬರ ಹಿಡಿಸದು.

ಇನ್ನು ಚರ್ಮ ಹೆರೆದ ಪುಡಿ. ನಮ್ಮ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ್ದರೆ ಪುಡಿ ಕಂದಾಗಿರುತ್ತದೆ. ನಿಧಾನವಾಗಿಯಾದರೂ ಮಣ್ಣಿಗೆ ಸೇರುತ್ತದೆ. ನೀಲಿ ಅಥವಾ ಬೂದುನೀಲಿ ಬಣ್ಣವಿದ್ದರೆ ಅದು ಕ್ರೋಮಿಯಂ ಲವಣದಿಂದ ಹದಮಾಡಿದ್ದು. ಇಂದಿನ ಚರ್ಮದಲ್ಲಿ ಹೆಚ್ಚಿನ ಪಾಲು ಇದೇ. ಲೆಕ್ಕ ಹಾಕಿ ನೋಡಿ: ಇಂಥ ಒಣ ಪುಡಿಯ ಒಂದು ಕಿಲೋದಲ್ಲಿ ಸುಮಾರು 20 ಗ್ರಾಂ ಕ್ರೋಮಿಯಂ ಇರುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶದಂತೆ ನಗರದ ಕಾಂಪೋಸ್ಟಿನ ಪ್ರತಿ ಕಿಲೋದಲ್ಲಿ ಇರಬಹುದಾದದ್ದು 50 ಮಿಲಿಗ್ರಾಂ. ಒಂದು ಕಿಲೋ ನೀಲಿ ಪುಡಿ 400 ಕಿಲೋ ಗೊಬ್ಬರವನ್ನು ಈ ಮಿತಿಗೆ ಮುಟ್ಟಿಸಿಬಿಡುತ್ತದೆ! ಇದು ಚಪ್ಪಲಿಯ ಅಟ್ಟೆಗೆ ಬೇಕಾದ ಹಲಗೆ ಮಾಡುವವರಿಗೆ ಹೋಗಲಿ.

ಸುಟ್ಟು ಬೂದಿ ಮಾಡಿ ಹಾಕುತ್ತೇವೆ ಎನ್ನುವುದಂತೂ ಬೇಡವೇ ಬೇಡ. ಸುಟ್ಟಾಗ ಟ್ರೈವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ರೂಪಕ್ಕೆ ತಿರುಗಬಲ್ಲದು. ಅದು ನೀರಿನಲ್ಲಿ ಕರಗಿ ಬಾವಿಗೂ ಇಳಿಯುತ್ತದೆ.

ಕಾರ್ಖಾನೆಯ ನೀರಿನ ವಿಷಯದಲ್ಲೂ ಎಚ್ಚರ ಬೇಕು. ನೆರೆಯ ತಮಿಳುನಾಡಿನಲ್ಲಿ ಚರ್ಮದ ಕಾರ್ಖಾನೆಗಳ ಸುತ್ತ ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಭಾಗಶಃ ಇಲ್ಲವೆ ಪೂರ್ತಿಯಾಗಿ ಕೆಟ್ಟಿದೆಯೆಂದು 1996ರಲ್ಲಿ ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ನಮೂದಿಸಿತು. ಅನುಮಾನ ಬಂದ ಗೊಬ್ಬರವನ್ನು ಹೊಲಕ್ಕೆ ಚೆಲ್ಲುವ ಮೊದಲು, ಭಾರಲೋಹಗಳ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿ.