ಸಂಸದರ ಮಾತು, ತರಗತಿಯ ಪಾಠ

ತರಗತಿ: 9
ವಿಷಯ: ಸಮಾಜ ವಿಜ್ಞಾನ (ರಾಜ್ಯಶಾಸ್ತ್ರ)
ಘಟಕ: ಕೇಂದ್ರ ಸರ್ಕಾರ
ಅವಧಿ: 40 ನಿಮಿಷ

ಉದ್ದೇಶ: ಸಂಸದರೊಬ್ಬರು ಸದನದಲ್ಲಿ ಎತ್ತಿದ ಬೇಡಿಕೆಯನ್ನೂ ಅದಕ್ಕೆ ಸರ್ಕಾರ ಕೊಟ್ಟ ಉತ್ತರವನ್ನೂ ವಿದ್ಯಾರ್ಥಿಗಳು ಬೇರ್ಪಡಿಸಿ ಗುರುತಿಸುವರು.

ಪೀಠಿಕೆ
ಲೋಕಸಭೆಯ ರಚನೆ, ಸದಸ್ಯರ ಅರ್ಹತೆ, ಅಧಿಕಾರಾವಧಿ ಇವನ್ನು ಪ್ರಶಿಕ್ಷಣಾರ್ಥಿಗಳು ಚೆನ್ನಾಗಿ ಬೋಧಿಸುತ್ತಾರೆ. ಆದರೆ ‘ನಮ್ಮ ಸಂಸದರು ಅಲ್ಲಿ ಏನು ಮಾತಾಡಿದರು?’ ಎಂದು ಮಕ್ಕಳು ಕೇಳಿದರೆ, ಪಕ್ಷದ ಪ್ರಚಾರವಾದೀತೆಂದು ಹಿಂಜರಿಯುತ್ತಾರೆ. ವ್ಯಕ್ತಿಯಿಂದ ಆರಂಭಿಸದೆ ಬೇಡಿಕೆಯಿಂದ ಆರಂಭಿಸಿದರೆ ಈ ಅಳುಕಿಗೆ ಕಾರಣವಿಲ್ಲ.

ವಿಷಯ ನಿರೂಪಣೆ
ಇಟ್ಟಮಡು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. 2019ರಲ್ಲಿ ಇಲ್ಲಿಂದ ಮೊದಲ ಬಾರಿ ಆಯ್ಕೆಯಾದ ಬಿಜೆಪಿಯ ತೇಜಸ್ವಿ ಸೂರ್ಯ, ಬ್ಯಾಂಕ್ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಬೇಕೆಂದು ತಮ್ಮ ಮೊದಲ ಅಧಿವೇಶನದಲ್ಲೇ ಒತ್ತಾಯಿಸಿದರು. ಅದೇ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಜಿ. ಸಿ. ಚಂದ್ರಶೇಖರ್ ರಾಜ್ಯಸಭೆಯಲ್ಲಿ ಇದೇ ಬೇಡಿಕೆ ಇಟ್ಟರು. ಪಕ್ಷ ಬೇರೆ, ಸದನ ಬೇರೆ; ಬೇಡಿಕೆ ಒಂದೇ.

ಆಗ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿ ಲೆಕ್ಕ ಬಲ್ಲವನಾದರೂ ಪ್ರಶ್ನೆಯ ಭಾಷೆಯಲ್ಲೇ ಹಿಂದೆ ಬೀಳುತ್ತಿದ್ದ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2019ರ ಜುಲೈ 4ರಂದು, ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಪ್ರಕಟಿಸಿದರು. 2021ರ ಸೆಪ್ಟೆಂಬರಿನಲ್ಲಿ 12 ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೂ ಇದೇ ಕ್ರಮವನ್ನು ಹಣಕಾಸು ಸಚಿವಾಲಯ ಶಿಫಾರಸು ಮಾಡಿತು.

ಚಟುವಟಿಕೆ
ಕಪ್ಪು ಹಲಗೆಯ ಮೇಲೆ ನಾಲ್ಕು ಅಂಕಣ ಎಳೆಯಿರಿ: ಏನು ಕೇಳಿದರು? ಯಾವ ಸದನದಲ್ಲಿ? ಸರ್ಕಾರ ಏನೆಂದಿತು? ಏನು ಬದಲಾಯಿತು? ಗುಂಪುಗಳು ಮೇಲಿನ ಸಂಗತಿಗಳನ್ನು ಇದರಲ್ಲಿ ತುಂಬಲಿ. ನಂತರ ‘ಒಬ್ಬರ ಭಾಷಣದಿಂದಲೇ ಇದಾಯಿತೆ?’ ಎಂದು ಕೇಳಿ. ಎರಡು ಸದನಗಳ ದನಿಯನ್ನು ಪಕ್ಕಪಕ್ಕ ನೋಡಿದ ಮಕ್ಕಳು ಶ್ರೇಯವನ್ನು ಒಬ್ಬರಿಗೇ ಕಟ್ಟುವ ಮೊದಲು ಯೋಚಿಸುತ್ತಾರೆ.

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮೌಖಿಕ ಉತ್ತರಕ್ಕೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಲಿಖಿತ ಉತ್ತರಕ್ಕೆ ಪಟ್ಟಿಯಾಗುತ್ತವೆ. ಶೂನ್ಯ ವೇಳೆಯಲ್ಲಿ ತುರ್ತು ವಿಷಯ ಎತ್ತಬಹುದು. ಆದರೆ ಸಚಿವರು ಅಲ್ಲೇ ಉತ್ತರಿಸಬೇಕೆಂಬ ಕಡ್ಡಾಯವಿಲ್ಲ. ಆದ್ದರಿಂದ ಪ್ರಶ್ನೆಗಳ ಎಣಿಕೆಯೊಂದರಿಂದಲೇ ಸಂಸದರ ಕೆಲಸ ಅಳೆಯಲಾಗದೆಂದು ವಿವರಿಸಿ.

ಮೌಲ್ಯಮಾಪನ
1. ಬೇಡಿಕೆಗೂ ಭರವಸೆಗೂ ಇರುವ ವ್ಯತ್ಯಾಸವೇನು?
2. ಒಂದೇ ಬೇಡಿಕೆಯನ್ನು ಎರಡು ಪಕ್ಷದವರು ಎತ್ತಿದರೆ ಅದರ ಬಲ ಹೆಚ್ಚುವುದೇಕೆ?

ಮನೆಗೆಲಸ
ನಿಮ್ಮ ಬಡಾವಣೆಯ ಒಂದು ಸಮಸ್ಯೆ ಆರಿಸಿ. ಅದು ಸಂಸತ್ತಿಗೋ ವಿಧಾನಸಭೆಗೋ ಪಾಲಿಕೆಗೋ ಸೇರಿದ್ದೆಂದು ಮೊದಲು ನಿರ್ಧರಿಸಿ, ಬಳಿಕ ಅದನ್ನು ಒಂದೇ ವಾಕ್ಯದ ಪ್ರಶ್ನೆಯಾಗಿ ಬರೆಯಿರಿ.